ಖಾಲಿ ಪೆಟ್ಟಿಗೆಯ ಉಸಿರು

ಉಬ್ಬಸಕ್ಕೆ ಔಷಧ ಮಾರುವ ಸಂಗಣ್ಣ ಸಾಹುಕಾರರು ಪರೀಕ್ಷಾಲಯಕ್ಕೆ ಬಂದು ಮೇಜಿನ ಮೇಲೆ ಬಾಟಲಿ ಕುಕ್ಕಿದರು. ಅವರ ಔಷಧ ಕುಡಿದ ನೇಕಾರ ತಿಪ್ಪಣ್ಣ ಹೋದ ವಾರವಷ್ಟೇ ಸತ್ತಿದ್ದ.

“ತಿಪ್ಪಣ್ಣ ಕುಡಿದ ಬಾಟಲಿ ಇದ. ಔಷಧದಾಗ ದೋಷ ಇಲ್ಲಂತ ಬರದು ಕೊಡು.”

ಯಂತ್ರ ನಡೆಸುವ ನೀಲವ್ವ ಬಾಟಲಿ ಮುಟ್ಟಿದಳು. ಲೇಬಲ್ಲಿನ ಅಂಟು ಇನ್ನೂ ಹಸಿಯಾಗಿತ್ತು. ಬಾಟಲಿ ಬದಲಾಗಿದೆ ಎಂದು ಅವಳಿಗೆ ಗೊತ್ತಾಯಿತು.

“ಮೊದಲ ಯಂತ್ರದಾಗಿನ ಈ ಖಾಲಿ ಪೆಟ್ಟಿಗಿ ನೋಡೂಣ್ರಿ ಸಾವ್ಕಾರ್ರ. ಇದರೊಳಗ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹಾಯ್ತದ. ಅಣುವಿನೊಳಗಿನ ಬಂಧ ಅಂದ್ರ ಬಿಗಿದ ತಂತಿ ಇದ್ದಂಗ. ಒಂದೊಂದೂ ತನಗ ಒಗ್ಗೂ ಬೆಳಕು ನುಂಗಿ ನಡಗ್ತದ. ನುಂಗಿದಲ್ಲಿ ಪರದಿ ಮ್ಯಾಲಿನ ಗೆರಿ ಕುಸೀತದ.”

ಪರದೆಯ ಮೇಲೆ ಗೆರೆ ನೆಟ್ಟಗೆ ಓಡಿತು.

“ಒಳಗ ಏನೂ ಇಲ್ಲ. ನೀವ ನೋಡ್ರಿ,” ಎಂದು ಮುಚ್ಚಳ ತೆಗೆದಳು.

ಸಾಹುಕಾರರು ಬಗ್ಗಿ, ಏದುಸಿರು ಬಿಡುತ್ತ ಇಣುಕಿದರು. ನೀಲವ್ವ ಥಟ್ಟನೆ ಮುಚ್ಚಿ ಮತ್ತೆ ಬೆಳಕು ಹಾಯಿಸಿದಳು. ಗೆರೆ ಕುಸಿಯಿತು.

“ಇದೇನು?”

“ಮನುಷ್ಯಾರ ಉಸಿರಿದ್ರ ಇಲ್ಲೇ ಕುಸಿಯೂದು,” ಎಂದು ಅವಳು ಪಿಸುಗುಟ್ಟಿದಳು. “ಖಾಲಿ ಪೆಟ್ಟಿಗ್ಯಾಗ ಯಾರೋ ಉಸಿರಾಡಾಕತ್ತಾರ.”

ಸಾಹುಕಾರರ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. “ಅವ ಕುಡಿದ ಬಾಟಲಿ ನಮ್ಮನಿ ಅಟ್ಟದ ಮ್ಯಾಲ ಐತಿ. ತಂದು ಕೊಡ್ತೀನಿ. ಅವಗ ಹೋಗಂತ ಹೇಳವ್ವಾ,” ಎನ್ನುತ್ತ ಹೊರಗೆ ಓಡಿದರು.

ಅವರದೇ ಉಸಿರು ಅವರನ್ನು ಹೆದರಿಸಿತ್ತು. ನೀಲವ್ವನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ, ಒಣಗಾಳಿ ಹಾಯಿಸಿ ಪೆಟ್ಟಿಗೆ ಸ್ವಚ್ಛ ಮಾಡಿದಳು. ತನ್ನ ಉಸಿರನ್ನೂ ಬಿಗಿಹಿಡಿದು ಇನ್ನೊಮ್ಮೆ ಬೆಳಕು ಬಿಟ್ಟಳು.

ಗೆರೆ ಅದೇ ಜಾಗದಲ್ಲಿ ಕುಸಿಯಿತು. ಏರಿತು. ಮತ್ತೆ ಕುಸಿಯಿತು, ಉಬ್ಬಸದವನ ಎದೆಯ ಹಾಗೆ.