ಬೋರಲಯ್ಯನ ಕೆರೆ

ತೊರೆಸಾಲಿನಿಂದ ಮೂಡಲಿಗೆ ಹೊರಟರೆ ದಾರಿ ಕೆರೆ ಏರಿಯ ಮೇಲೆಯೇ ಹಾದುಹೋಗುತ್ತದೆ. ಏರಿಯ ನಡುಮಧ್ಯದಲ್ಲಿ, ತೂಬಿನ ಪಕ್ಕಕ್ಕೆ, ಒಂದೂವರೆ ಆಳುದ್ದದ ಕರಿಯ ಕಲ್ಲೊಂದು ಮಲಗಿದೆ. ಅದರ ಮೈಮೇಲೆಲ್ಲ ಹಿಡಿಗಾತ್ರದ ಉಬ್ಬುಗಳು. ಹೊಸಬರು ಅದನ್ನು ದೇವರೆಂದುಕೊಂಡು ಅರಿಸಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ ಹೋಗುತ್ತಾರೆ. ಹಚ್ಚಲಿ ಬಿಡಿ, ನಾವು ಬೇಡವೆನ್ನುವುದಿಲ್ಲ. ಸರ್ಕಾರದವರು ನೆಟ್ಟ ಹಲಗೆಯ ಮೇಲೆ 'ಹೊನ್ನರಸನ ಕೆರೆ' ಎಂದಿದೆಯಂತೆ; ಓದುಬರಹ ಬಲ್ಲವರು ಹೇಳಿದ ಮಾತು. ಊರ ಬಾಯಲ್ಲಿ ಮಾತ್ರ ಅದು ಬೋರಲಯ್ಯನ ಕೆರೆ. ಬೋರಲಯ್ಯ ಎಂಬುದು ದೇವರ ಹೆಸರಲ್ಲ. ಅಲ್ಲಿ ಮುಖ ಅಡಿಮಾಡಿ ಮಲಗಿರುವವನು ಒಬ್ಬ ದೊರೆ.

ಈ ಕಲ್ಲಿನ ದೆಸೆಯಿಂದ ನಾನು ಕಂಡಂತೆಯೇ ನಾಲ್ಕು ಸಲ ಜಗಳವಾಗಿದೆ. ಒಂದು ಸಲ ಎತ್ತಿ ನಿಲ್ಲಿಸಬೇಕೆಂದು ಬರುತ್ತಾರೆ, ಇನ್ನೊಂದು ಸಲ ಒಡೆದು ಹಾಕಬೇಕೆಂದು ಬರುತ್ತಾರೆ. ಹೋದ ಮಾಗಿಯಲ್ಲಿ ಎರಡು ಕಡೆಯವರೂ ಒಂದೇ ದಿನ ಬಂದರು. ಒಬ್ಬರ ಕೈಯಲ್ಲಿ ಹಾರ, ಇನ್ನೊಬ್ಬರ ಕೈಯಲ್ಲಿ ಸುತ್ತಿಗೆ. ನಡುವೆ ಒಬ್ಬ ಕಚೇರಿಯಾತ ನಿಂತು, ಜಿಲ್ಲೆಯ ಊರಿಗೆ ಸಾಗಿಸಿ ಗಾಜಿನ ಮನೆಯಲ್ಲಿಡೋಣ ಎಂದ. "ಅಜ್ಜಿ, ನೀವು ಹಿರಿಯರು, ನೀವೇ ಹೇಳಿ" ಎಂದರು. ಎಷ್ಟು ಸಲ ಹೇಳುವುದಪ್ಪ? ನಮ್ಮಜ್ಜಿ ಹೇಳಿ ಹೇಳಿ ದಣಿದು ಹೋದಳು, ನಮ್ಮವ್ವ ದಣಿದಳು, ಈಗ ನನ್ನ ಸರದಿ. ಆದರೂ ಕೇಳಿದವರಿಗೆ ಇಲ್ಲವೆನ್ನಬಾರದು. ಕೂತುಕೊಳ್ಳಿ ಎಂದೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಹೊನ್ನರಸನೆಂಬ ಪಾಳೇಗಾರ ಆಳುತ್ತಿದ್ದನು ಎನ್ನುತ್ತಾರೆ. ಕೆರೆ ಕಟ್ಟಿಸಿದವನು ಅವನೇ, ಅದನ್ನು ಇಲ್ಲವೆನ್ನಲಾಗದು. ಇವತ್ತಿಗೂ ನಾವು ಉಣ್ಣುವ ರಾಗಿಗೆ ಅದೇ ನೀರು. ಆದರೆ ಕಟ್ಟಿಸಿದವನು ಬೇರೆ, ಕಟ್ಟಿದವರು ಬೇರೆ. ಮಣ್ಣು ಹೊರುವ ಜನ ತೆಂಕಣ ದಿಕ್ಕಿನಿಂದ ಹೆಂಡಿರು ಮಕ್ಕಳೊಂದಿಗೆ ಬಂದು ಬಯಲಲ್ಲಿ ಗುಡಿಸಲು ಹಾಕಿಕೊಂಡರು. ಎರಡು ಬೇಸಿಗೆ ದುಡಿದರೂ ಏರಿ ಮುಗಿಯಲಿಲ್ಲ. ಮೂಡಲಲ್ಲಿ ಮೋಡ ಕಟ್ಟಿದಾಗ ಅವರು, ಹಸಿಮಣ್ಣು ಜಾರುತ್ತದೆ, ಮಳೆ ಕಳೆಯುವವರೆಗೆ ನಿಲ್ಲಿಸೋಣ ಎಂದು ಬೇಡಿಕೊಂಡರು. ಹೊನ್ನರಸ ಒಪ್ಪಲಿಲ್ಲ. ಆ ವರ್ಷದ ನೀರು ಅವನಿಗೆ ಆ ವರ್ಷವೇ ಬೇಕಿತ್ತು. ಮಳೆ ಹೊಡೆಯಿತು, ಏರಿ ಜಾರಿತು, ನಲವತ್ತೊಂದು ಜನ ಅಡಿಯಲ್ಲಿ ಉಳಿದರು. ಅಗೆದು ತೆಗೆಯುತ್ತೇವೆಂದು ಗುದ್ದಲಿ ಹಿಡಿದವರನ್ನು ಅವನು ತಡೆದು, "ತೆಗೆದರೆ ಏರಿ ಮತ್ತೆ ಸಡಿಲವಾಗುತ್ತದೆ. ಹಾಗೇ ಇರಲಿ, ಮೇಲೆ ಮಣ್ಣು ಹಾಕಿ" ಎಂದನಂತೆ. ಹಾಕಿದರು. ಇವತ್ತು ನಾವು ನಡೆಯುವುದು ಆ ಮಣ್ಣಿನ ಮೇಲೆಯೇ.

ಮಣ್ಣು ಹೊರುವ ಆ ಜನರಲ್ಲಿ ಒಂದು ಪದ್ಧತಿ ಇತ್ತು. ಸತ್ತವನ ಗುಂಡಿ ಮುಚ್ಚಿದ ಮೇಲೆ ಅವನ ಬುಟ್ಟಿಯನ್ನು ಅದರ ಮೇಲೆ ಬೋರಲು ಹಾಕುವರು. ಬುಟ್ಟಿ ಬೋರಲಾದರೆ ಕೆಲಸ ಮುಗಿಯಿತೆಂದು ಅರ್ಥ. ಸತ್ತವನು ಹಗುರಾಗಿ ಹೊರಟುಬಿಡುತ್ತಾನೆ. ಬೋರಲು ಹಾಕದಿದ್ದರೆ ಅವನು ಅಲ್ಲಿಯೂ ಮಣ್ಣು ಹೊರುತ್ತಲೇ ಇರುತ್ತಾನೆ. ಈಗ ನಲವತ್ತೊಂದು ಬುಟ್ಟಿಗಳಿಗೆ ಗುಂಡಿಯೇ ಇಲ್ಲ. ಏರಿಯ ಮೇಲೆ ಇಟ್ಟರೆ ಕಾವಲಿನವರು ಒದ್ದು ಕೆರೆಗೆ ಉರುಳಿಸುತ್ತಾರೆ. ಯಂಗಟನೆಂಬುವನ ಹೆಂಡತಿ ಮಾರಕ್ಕ ಗಂಡನ ಬುಟ್ಟಿಯನ್ನು ಕಂಕುಳಲ್ಲಿ ಹಿಡಿದುಕೊಂಡೇ ಉಂಡಳು, ಹಿಡಿದುಕೊಂಡೇ ಮಲಗಿದಳು. ಕೆಳಗಿಡಲು ಮನಸ್ಸು ಬರಲಿಲ್ಲ. ಮೊದಲೇ ಬೆನ್ನುನೋವಿನವನು, ಇನ್ನೂ ಹೊರುತ್ತಿದ್ದಾನಲ್ಲ ಎಂಬುದೊಂದೇ ಅವಳ ಕೊರಗು.

ಅದೇ ಹೊತ್ತಿಗೆ ಹೊನ್ನರಸ ತನ್ನ ಬಿಂಬ ಕೆತ್ತಲು ಕಾಳಾಚಾರಿಯೆಂಬ ಕಲ್ಲುಕುಟಿಗನನ್ನು ಕರೆಸಿದ್ದನು. ಹುರಿಮೀಸೆ, ಸೊಂಟದಲ್ಲಿ ಕತ್ತಿ, ಕಾಲಲ್ಲಿ ಕಡಗ, ಎಲ್ಲವೂ ಆಗಿತ್ತು. ಮಾರಕ್ಕ ಅವನ ಎದುರಿಗೆ ಬುಟ್ಟಿ ಹಿಡಿದು ನಿಂತಳು. "ಆಚಾರಣ್ಣ, ನೆಲದ ಮೇಲೆ ನನಗೆ ಜಾಗವಿಲ್ಲ. ಈ ಕಲ್ಲಿನ ಬೆನ್ನಿಗೆ ಒಂದು ಬುಟ್ಟಿ ಬೋರಲು ಹಾಕಿಕೊಡು." ಕಾಳಾಚಾರಿ ಬಹಳ ಹೊತ್ತು ಉಳಿ ಮಸೆಯುತ್ತ ಕುಳಿತನು. ಆಮೇಲೆ ಕಲ್ಲಿನ ಹಿಂದಕ್ಕೆ ಹೋಗಿ ಒಂದನ್ನು ಕೆತ್ತಿದನು. ಸುದ್ದಿ ತಿಳಿದು ಇನ್ನೂ ಮೂವರು ಹೆಂಗಸರು ಬಂದರು, ಅವರವೂ ಆದವು. ಐದನೆಯವಳು ಬರುವಷ್ಟರಲ್ಲಿ ದೊರೆಯೇ ಬಂದುಬಿಟ್ಟನು.

"ಏನೋ ಆಚಾರಿ, ನನ್ನ ಬೆನ್ನಿಗೆ ಬೊಕ್ಕೆ ಎಬ್ಬಿಸಿದ್ದೀಯಲ್ಲೋ!" ಎಂದನು. ಕಾಳಾಚಾರಿ ಉಳಿ ಕೆಳಗಿಟ್ಟನು. ಮಾರಕ್ಕ ಬಗ್ಗಿ ಕೈಮುಗಿದು, "ಬುದ್ಧೀ, ಅವು ತಮ್ಮ ಸೀಮೆಯ ಗುಡ್ಡಗಳು" ಎಂದಳು. ಬೋರಲು ಬುಟ್ಟಿಯನ್ನು ಕೆತ್ತಿದರೆ ಗುಡ್ಡದ ಹಾಗೆಯೇ ಕಾಣುತ್ತದೆ, ಬುಟ್ಟಿ ಹೊರದವನಿಗೆ ಅದು ತಿಳಿಯಬೇಕಲ್ಲ! ಹೊನ್ನರಸ ಬಗ್ಗಿ ನೋಡಿದನು. ಮುಖ ಕೆಂಪಾಯಿತು. "ನಾಲ್ಕೇ ಗುಡ್ಡವೇನೇ ನನ್ನ ಸೀಮೆ? ಭಿಕಾರಿಯ ಸೀಮೆಯೇನೇ ಇದು? ಬೆನ್ನ ತುಂಬ ಕೆತ್ತೋ, ಒಂದಿಷ್ಟೂ ಖಾಲಿ ಬಿಡಬೇಡ" ಎಂದು ಹೇಳಿ ಹೋದನು. ದೊರೆಯ ಅಪ್ಪಣೆ ಮೀರುವುದುಂಟೇ? ನಲವತ್ತೊಂದೂ ಆದವು. ಮಾರಕ್ಕ ಅಂದು ಬುಟ್ಟಿಯನ್ನು ಕಲ್ಲಿನ ಬುಡದಲ್ಲಿ ಬೋರಲಿಟ್ಟು, ಕೈ ಬೀಸಿಕೊಂಡು ಮನೆಗೆ ಹೋದಳು.

ಕಲ್ಲನ್ನು ತೂಬಿನ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿದರು. ಗೋಡೆಗೂ ಕಲ್ಲಿಗೂ ನಡುವೆ ಒಂದು ತೋಳು ಹೋಗುವಷ್ಟು ಸಂದು. ದಾರಿಯಲ್ಲಿ ಹೋಗುವವರೆಲ್ಲ ಮುಂದೆ ನಿಂತು ದೊರೆಗೆ ಕೈಮುಗಿಯಬೇಕಿತ್ತು. ಆ ನಲವತ್ತೊಂದು ಮನೆಯ ಹೆಂಗಸರು ಮಾತ್ರ ಕೈಮುಗಿದ ಹಾಗೆ ಮಾಡಿ, ಸಂದಿನೊಳಗೆ ಕೈ ತೂರಿಸಿ ತಮ್ಮ ತಮ್ಮ ಬುಟ್ಟಿಯನ್ನು ಸವರಿ ಬರುತ್ತಿದ್ದರು. ಗಂಡಸರಿಗೆ ಹೇಳಲಿಲ್ಲ. ಗಂಡಸರು ಹೆಂಡದಂಗಡಿಯಲ್ಲಿ ಬಾಯಿ ಬಿಡುತ್ತಾರೆಂದು.

ವರ್ಷಗಳು ಕಳೆದವು. ಹೊನ್ನರಸ ಸತ್ತನು, ಅವನ ಕೋಟೆಯೂ ಬಿತ್ತು. ಆ ಸುದ್ದಿ ಬಂದ ದಿನ ಜನ ಸುತ್ತಿಗೆ, ಹಾರೆ ಹಿಡಿದು ಏರಿಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ ಚೌಡನಿದ್ದನು. ಅವನಪ್ಪನೂ ಏರಿಯ ಅಡಿಯಲ್ಲಿದ್ದವನೇ. ನೋಡಿದರೆ ಕಲ್ಲಿನ ಕಾಲಬುಡದಲ್ಲಿ ಮಾರಕ್ಕ ಕುಳಿತಿದ್ದಾಳೆ, ತಲೆ ಬೆಳ್ಳಗಾಗಿದೆ. "ಏಳೇ ಮುದುಕಿ! ಅವನ ಉಪ್ಪು ಉಂಡಿದ್ದೀಯೇನೇ?" ಎಂದ ಚೌಡ. "ಉಪ್ಪೆಲ್ಲಿ ಬಂತಪ್ಪ, ಅವನ ಮಣ್ಣು ತಿಂದಿದ್ದೀನಿ" ಎಂದಳು ಮಾರಕ್ಕ. "ಒಡೆಯುವ ಮುಂಚೆ ಆ ಸಂದಿಗೆ ಕೈ ಹಾಕು. ಮೇಲಿನಿಂದ ಮೂರನೆಯ ಸಾಲು, ಎಡಗಡೆಯಿಂದ ಎರಡನೆಯದು. ಅದು ನಿಮ್ಮಪ್ಪ."

ಚೌಡ ನಗುತ್ತಲೇ ಕೈ ಹಾಕಿದನು. ಬೆರಳಿಗೆ ಗುಂಡನೆಯ ಬೆನ್ನು ಸಿಕ್ಕಿತು, ಅದರ ಸುತ್ತ ಹೆಣಿಗೆಯ ಎಳೆಗಳು ಸಿಕ್ಕಿದವು. ಮಣ್ಣು ಹೊತ್ತವನ ಮಗ, ಬುಟ್ಟಿಯ ಬೆನ್ನು ಅವನಿಗೆ ತಿಳಿಯದೇ? ಕೈಯನ್ನು ಹೊರಗೆ ತೆಗೆಯಲೇ ಇಲ್ಲವಂತೆ ಬಹಳ ಹೊತ್ತು. ಇನ್ನೊಂದು ಕೈಯ ಸುತ್ತಿಗೆ ತಾನಾಗಿ ಕೆಳಗೆ ಬಿತ್ತು.

ಆಗ ಶುರುವಾಯಿತು ನೋಡಿ ಜಗಳ. ಹಾಗಾದರೆ ನಿಂತಿರಲಿ ಎಂದರು ಕೆಲವರು, ಹೇಗಿದ್ದರೂ ಕೆರೆ ಅವನದು. ನಿಂತರೆ ನಮ್ಮ ಮಕ್ಕಳೂ ಆ ಮೀಸೆಗೆ ಕೈಮುಗಿಯಬೇಕೇನು ಎಂದರು ಕೆಲವರು. ಮುಖವನ್ನಷ್ಟೇ ಕೆತ್ತಿ ಹಾಕೋಣವೆಂದರೆ, ಕಲ್ಲು ಸೀಳಿದರೆ ಬೆನ್ನೂ ಹೋಗುತ್ತದೆಂಬ ಭಯ. ಮೂರು ದಿನ ಕೂಗಾಡಿದರು. ಮಾರಕ್ಕ ಮೂರು ದಿನವೂ ಬಿಸಿಲಲ್ಲಿ ಕುಳಿತೇ ಇದ್ದಳು. ಅವಳಿಗೆ ದೊರೆ ಬೇಕಿರಲಿಲ್ಲ, ಊರಿನ ಗೆಲುವೂ ಬೇಕಿರಲಿಲ್ಲ. ಕಲ್ಲು ಒಡೆದರೆ ನಾಳೆಯಿಂದ ಯಂಗಟ ಮತ್ತೆ ಮಣ್ಣು ಹೊರಬೇಕು, ಅಷ್ಟೇ. ಮೂರನೆಯ ಸಂಜೆ ಮೊಣಕಾಲು ಹಿಡಿದುಕೊಂಡು ಎದ್ದಳು.

"ಕೂಗಬೇಡ್ರಪ್ಪ, ನನಗೆ ಸಾಕಾಗಿದೆ. ನಿಲ್ಲಿಸಲೂ ಬೇಡಿ, ಒಡೆಯಲೂ ಬೇಡಿ. ಬುಟ್ಟಿ ಹಾಕಿದ ಹಾಗೆ ಅವನನ್ನೂ ಬೋರಲು ಹಾಕಿಬಿಡಿ. ನಮ್ಮವರು ಮೇಲೆ ಗಾಳಿಗೆ ಇರಲಿ. ಅವನ ದೊರೆತನದ ಕೆಲಸವೂ ಮುಗಿಯಲಿ."

ಹಗ್ಗ ಕಟ್ಟಿದರು, ನಾಲ್ಕು ಜೊತೆ ಎತ್ತು ಹೂಡಿದರು. ಹೊನ್ನರಸ ಮೀಸೆ ಸಮೇತ ಮಣ್ಣಿಗೆ ಮುಖ ಕೊಟ್ಟನು. ನಲವತ್ತೊಂದು ಬುಟ್ಟಿಗಳು ಮೊದಲ ಸಲ ಬಿಸಿಲು ಕಂಡವು. ಅಂದಿನಿಂದ ಅವನು ಬೋರಲಯ್ಯನಾದನು, ಕೆರೆಯೂ ಆ ಹೆಸರಿನದೇ ಆಯಿತು ಎನ್ನುತ್ತಾರೆ.

ಇದನ್ನೆಲ್ಲ ಹೇಳಿ, "ಎತ್ತುವವರು ಎತ್ತಿ, ಒಡೆಯುವವರು ಒಡೆಯಿರಿ, ಗಾಜಿನ ಮನೆಯವರು ಒಯ್ಯಿರಿ. ಆದರೆ ನಲವತ್ತೊಂದು ಬುಟ್ಟಿ ಎಲ್ಲಿ ಹಾಕುತ್ತೀರಿ, ಅದನ್ನು ಹೇಳಿ ಮುಟ್ಟಿ" ಎಂದೆ. ಹಾರ ತಂದವರು ಅದನ್ನು ಎಲ್ಲಿಡುವುದೆಂದು ತಿಳಿಯದೆ ವಾಪಸು ಒಯ್ದರು. ಕಚೇರಿಯಾತ ಏನೋ ಬರೆದುಕೊಂಡ. ಇನ್ನೊಂದು ವರ್ಷಕ್ಕೆ ಮತ್ತೆ ಬರುತ್ತಾರೆ, ನನಗೆ ಗೊತ್ತು. ಅಷ್ಟರಲ್ಲಿ ನಾನಿಲ್ಲದಿದ್ದರೆ ನನ್ನ ಸೊಸೆಗೂ ಕಥೆ ಬರುತ್ತದೆ.

ಇವತ್ತು ನೀವು ಹೋದರೂ ನೋಡಬಹುದು. ಉಬ್ಬುಗಳನ್ನು ಎಣಿಸಿದರೆ ನಲವತ್ತೆರಡು ಸಿಗುತ್ತವೆ. ಕೊನೆಯದು ಸೊಟ್ಟಗಿದೆ, ಉಳಿ ಹಿಡಿದು ಅಭ್ಯಾಸವಿಲ್ಲದ ಕೈ ಕೆತ್ತಿದ್ದು. ಮಾರಕ್ಕ ತೀರಿಕೊಂಡ ವರ್ಷ ಚೌಡ ಕೂತು ಕೆತ್ತಿದ್ದೆನ್ನುತ್ತಾರೆ. ಈಗ ಏರಿಯ ರಸ್ತೆ ಅಗಲ ಮಾಡುವ ಕೆಲಸ ನಡೆದಿದೆ. ಎಲ್ಲೋ ದೂರದಿಂದ ಬಂದ ಆಳುಗಳು, ನಮ್ಮ ಮಾತು ಅವರಿಗೆ ಬಾರದು, ಅವರ ಮಾತು ನಮಗೆ ಬಾರದು. ಮೊನ್ನೆ ಕೆಲಸ ಬಿಡುವ ಹೊತ್ತಿಗೆ ಅವರಲ್ಲೊಬ್ಬ ಹೆಂಗಸು ಜಲ್ಲಿ ಹೊರುವ ಬಾಂಡಲಿಯನ್ನು ತಲೆಯಿಂದ ಇಳಿಸಿದಳು. ಕೊಡವಿ, ಆ ಕಲ್ಲಿನ ಮೇಲೆ ಬೋರಲು ಹಾಕಿ, ಸೊಂಟಕ್ಕೆ ಕೈ ಕೊಟ್ಟು ಒಂದು ಗಳಿಗೆ ನಿಂತಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.