ಉಪ್ಪುಕೆರೆಯ ಹಲಗೆ

"ಗುರುಗಳೇ, ನಾನು ಒಂದು ದಿನವೂ ನಿಯಮ ತಪ್ಪಿಲ್ಲ. ಆದರೂ ನನಗೆ ಯಾಕೆ ಸಂತೋಷವಿಲ್ಲ?" ಎಂದು ಅಡವಯ್ಯ ಕೇಳಿದ.

ಸಂಜೆಯ ಪ್ರಾರ್ಥನೆಗೆ ಗಂಟೆ ಬಾರಿಸುವ ಮೊದಲೇ ಬಂದು ಕೂರುವವನು ಅವನು. ಗುರುಪಾದ ಎಂಬ ಇನ್ನೊಬ್ಬ ಶಿಷ್ಯ ಹಾಗಲ್ಲ. ಕಾಯಿಲೆ ಬಿದ್ದವರ ಮನೆಗೆ ಹೋದರೆ ಅವನಿಗೆ ಹೊತ್ತಿನ ಪರಿವೆಯೇ ಇರುತ್ತಿರಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಬಂದು, ತಪ್ಪಾಯಿತು ಎನ್ನುತ್ತಿದ್ದ. ಮತ್ತೆ ಹೋಗುತ್ತಿದ್ದ. ಆದರೆ ಬಾವಿಯ ಹತ್ತಿರ ಪಾತ್ರೆ ತೊಳೆಯುವಾಗ ಹಾಡಿಕೊಳ್ಳುತ್ತಿದ್ದವನು ಗುರುಪಾದನೇ.

"ಇಲ್ಲಿ ನನಗೆ ಸಿಗುವುದು ಇಷ್ಟೇ ಎಂದಾದರೆ ನಾನು ಮಠ ಬಿಟ್ಟು ಹೊರಡುತ್ತೇನೆ," ಎಂದ ಅಡವಯ್ಯ.

ಗುರುಗಳು ಕುಳಿತುಕೋ ಎಂದು ಕೈಮಾಡಿದರು. ನಂತರ ಈ ಕತೆ ಹೇಳಿದರು.

ಮರಳುಗಾಡಿನಲ್ಲಿ ಒಂದು ಉಪ್ಪುನೀರಿನ ಕೆರೆ ಇತ್ತು. ಒಬ್ಬ ವರ್ತಕ ಉಪ್ಪು ಕೊಳ್ಳಲು ಅಲ್ಲಿಗೆ ಬಂದ. ಜೊತೆಗೆ ಅವನ ಒಂಟೆಗಳು, ಒಂಟೆ ನಡೆಸುವ ಒಬ್ಬ ಆಳು. ಉಪ್ಪು ಇನ್ನೂ ಒಣಗಿರಲಿಲ್ಲ. ಒಣಗುವವರೆಗೆ ಅವರು ಕಾಯಬೇಕಾಯಿತು.

ಅಲ್ಲಿನ ಜನ ಹಗಲೆಲ್ಲ ಉಪ್ಪು ಕೆರೆಯುತ್ತಿದ್ದರು. ಸಂಜೆ ಕೆಲಸ ಮುಗಿದ ಮೇಲೆ ಒಬ್ಬೊಬ್ಬರೂ ಒಂದೊಂದು ಅಗಲವಾದ ಹಲಗೆಯನ್ನು ನೀರಿಗೆ ತಳ್ಳಿ, ಅದರ ಮೇಲೆ ನೆಟ್ಟಗೆ ನಿಂತು, ಉದ್ದನೆಯ ಹುಟ್ಟು ಹಾಕುತ್ತ ಕೆರೆಯ ನಡುವಿಗೆ ಹೋಗುತ್ತಿದ್ದರು. ಅಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ತಿರುಗಿ ಬರುತ್ತಿದ್ದರು. ಬರುವಾಗ ಅವರ ಮುಖ ಹಗಲಿನ ದಣಿದ ಮುಖವಾಗಿರುತ್ತಿರಲಿಲ್ಲ, ಅರಳಿರುತ್ತಿತ್ತು.

ವರ್ತಕ ದಡಕ್ಕೆ ಬಂದ ಒಬ್ಬ ಹೆಂಗಸನ್ನು ಕೇಳಿದ: "ಅಲ್ಲಿ ಮೀನು ಸಿಗುತ್ತದೆಯೇ?"

"ಈ ಉಪ್ಪಿನಲ್ಲಿ ಮೀನು ಎಲ್ಲಿ ಬದುಕುತ್ತದೆ, ಧಣಿ?"

"ಮತ್ತೇನು ತರಲು ಹೋಗುತ್ತೀರಿ?"

"ತರಲು ಏನೂ ಇಲ್ಲ. ಸುಮ್ಮನೆ ಹೋಗುತ್ತೇವೆ. ನೀವೂ ಬನ್ನಿ, ನಮ್ಮಲ್ಲಿ ಹಲಗೆಗೇನೂ ಬರವಿಲ್ಲ."

ವರ್ತಕನಿಗೆ ಆಸೆಯಾಯಿತು. ತಾನು ಯಾವಾಗ ಅಂಥ ಮುಖ ಹೊತ್ತು ಮನೆಗೆ ಹೋಗಿದ್ದೆ ಎಂದು ನೆನೆಸಿಕೊಂಡ. ನೆನಪಾಗಲಿಲ್ಲ. ಒಂಟೆಗಳ ಮೇಲೆ ಉಪ್ಪು ಹೇರುವ ಮೊದಲು ಅದನ್ನು ತಾನೂ ಪಡೆಯಬೇಕು ಎಂದುಕೊಂಡ. ಆಳಿಗೂ ಒಂದು ಹಲಗೆ ಕೊಟ್ಟರು.

ವರ್ತಕನ ಊರಿನಲ್ಲಿ ನೀರಿಗೆ ಮೈ ತಾಗಿಸುವಂತಿರಲಿಲ್ಲ. ಇಡೀ ಊರಿಗೆ ಕುಡಿಯಲು ಇದ್ದದ್ದು ಒಂದೇ ಕೊಳ. ನೀರು ತರುವವರು ಚಪ್ಪಲಿಯನ್ನು ದೂರ ಬಿಟ್ಟು, ಮೆಟ್ಟಿಲ ಮೇಲೆ ಮಂಡಿಯೂರಿ, ಕೊಡವನ್ನು ಮಾತ್ರ ಮುಳುಗಿಸುತ್ತಿದ್ದರು. ಕೂಸು ಜಾರಿ ಬಿದ್ದರೂ ಅದರ ತಾಯಿ ಮನೆಮನೆಗೆ ಹೋಗಿ ತಪ್ಪೊಪ್ಪಿಕೊಳ್ಳಬೇಕಿತ್ತು. ಆಳೂ ಅದೇ ಊರಿನವನು.

ಮೊದಲ ಸಂಜೆಯೇ ಆಳು ಬಿದ್ದ. ಮೇಲೆದ್ದವನು ಯಾರು ಬೈಯುತ್ತಾರೋ ಎಂದು ಸುತ್ತ ನೋಡಿದ. ಯಾರೂ ಬೈಯಲಿಲ್ಲ. ತುಟಿ ನೆಕ್ಕಿಕೊಂಡ. "ಅಯ್ಯೋ, ಇದನ್ನು ಯಾರು ಕುಡೀತಾರೆ?" ಎಂದು ನಕ್ಕು ಮತ್ತೆ ಹಲಗೆ ಹತ್ತಿದ. ಮತ್ತೆ ಬಿದ್ದ.

ವರ್ತಕನಿಗೂ ಅದು ಉಪ್ಪುನೀರೆಂದು ಗೊತ್ತಿತ್ತು. ಕೊಳ್ಳಲು ಬಂದದ್ದೇ ಆ ಉಪ್ಪನ್ನು. ಆದರೆ ಅವನ ಕಾಲಿಗೆ ಗೊತ್ತಿರಲಿಲ್ಲ. ಬೀಳಬಾರದು ಎಂದು ಅವನು ನಿಶ್ಚಯಿಸಿದ. ಕಣ್ಣನ್ನು ಪಾದದ ಮೇಲಿಟ್ಟು, ಹುಟ್ಟನ್ನು ಊರುಗೋಲಿನಂತೆ ತಳಕ್ಕೆ ಊರುತ್ತ ಸಾಗಿದ. ಹುಟ್ಟು ತಳಕ್ಕೆ ತಾಗದ ಕಡೆಗೆ ಹೋಗಲಿಲ್ಲ. ಹೀಗೆ ದಡದ ಉದ್ದಕ್ಕೂ ಹೋಗಿ ಬಂದ. ಬೀಳಲಿಲ್ಲ.

"ಧಣಿ, ನೀವು ನಿಂತಿರುವುದು ಹಲಗೆಯ ಮೇಲೋ, ತಕ್ಕಡಿಯ ಮೇಲೋ?" ಎಂದು ಆ ಹೆಂಗಸು ಕೂಗಿದಳು. "ನಡುವಿಗೆ ಬನ್ನಿ."

"ನಾಳೆ ಬರುತ್ತೇನೆ," ಎಂದ ವರ್ತಕ.

ಮರುದಿನವೂ ಹಾಗೆಯೇ ಹೇಳಿದ. ಆಳು ಬೀಳುತ್ತ ಏಳುತ್ತ ನಡುವಿಗೆ ಹೋಗುವುದನ್ನು ಕಲಿತ. ಹುಬ್ಬಿನಲ್ಲಿ ಉಪ್ಪು ಅಂಟಿಸಿಕೊಂಡು ಡೇರೆಗೆ ಮರಳುತ್ತಿದ್ದ.

"ಅಲ್ಲಿ ಏನಿದೆ?" ಎಂದು ವರ್ತಕ ಕೇಳಿದ.

"ಏನೂ ಇಲ್ಲ, ಧಣಿ. ಅದೇ ಚೆನ್ನಾಗಿದೆ."

ಉಪ್ಪು ಒಣಗಿತು. ಒಂಟೆಗಳ ಮೇಲೆ ಹೇರಿ ಊರಿಗೆ ಹೊರಟರು.

ಮನೆಯಲ್ಲಿ ವರ್ತಕನ ಹೆಂಡತಿ ಗಂಡನಿಗೆ ಊಟ ಬಡಿಸುತ್ತ ಕೇಳಿದಳು: "ಅಷ್ಟು ನೀರನ್ನು ನಾನು ನೋಡಿಯೇ ಇಲ್ಲ. ಅದರ ಮೇಲೆ ನಿಲ್ಲುತ್ತಾರಂತೆ. ಹೇಗಿತ್ತು?"

ವರ್ತಕ ತಟ್ಟೆಯಿಂದ ತಲೆಯೆತ್ತಿದ. "ನಾನು ಒಂದು ಸಲವೂ ಬೀಳಲಿಲ್ಲ," ಎಂದ.

ಅವಳು ಇನ್ನೂ ಕಾದಳು. ಅವನು ತುತ್ತು ಕಲಸಿದ. ಅಂಗಳದಲ್ಲಿ ಒಂಟೆಗಳಿಗೆ ಮೇವು ಹಾಕುತ್ತಿದ್ದ ಆಳನ್ನು ಕರೆದು ಅದನ್ನೇ ಕೇಳಿದಳು.

"ಹೇಳೋಕೆ ಬರಲ್ಲಮ್ಮ," ಎಂದ ಅವನು. ಮೇವನ್ನು ಕೆಳಗಿಟ್ಟ. ಮರಳಿನ ಮೇಲೆ ಕಾಲು ಅಗಲಿಸಿ ನಿಂತ. ಮಂಡಿಯನ್ನು ತುಸು ಬಗ್ಗಿಸಿ, ದೂರ ನೋಡುತ್ತ, ಖಾಲಿ ಕೈಗಳಿಂದ ನಿಧಾನವಾಗಿ ಹುಟ್ಟು ಹಾಕಿದ. ಬಾಗಿಲಲ್ಲಿ ನಿಂತಿದ್ದ ಅವಳ ಮೈಯೂ ಅವನೊಂದಿಗೆ ಕೊಂಚ ಓಲಾಡಿತು. ಅವಳು ನಕ್ಕಳು.

ವರ್ತಕ ತಟ್ಟೆಯ ಮುಂದೆ ಕುಳಿತು ಇಬ್ಬರನ್ನೂ ನೋಡಿದ.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯ ಕೇಳಿದ: "ಹಾಗಾದರೆ ನಾನೂ ಪ್ರಾರ್ಥನೆ ತಪ್ಪಿಸಬೇಕೇ?"

"ವರ್ತಕನಿಗೆ ಬೀಳು ಎಂದು ಯಾರೂ ಹೇಳಲಿಲ್ಲ; ನಡುವಿಗೆ ಬಾ ಎಂದರು," ಎಂದರು ಗುರುಗಳು.