ಮಖಮಲ್ ಮೆತ್ತೆಯೂ ಕೌದಿ ದುರುಗವ್ವನೂ

ಬನ್ನಿ, ಹತ್ತಿರ ಬನ್ನಿ. ಮಕ್ಕಳು ಮುಂದೆ ಕೂರಿ. ದೂರದ ಊರಿಂದ ಕಾರಿನಲ್ಲಿ ಬಂದು, ಇಳಿಯುವಾಗ "ಅಯ್ಯಪ್ಪಾ" ಅಂತ ಸೊಂಟಕ್ಕೆ ಕೈಯಿಟ್ಟವರು ಗೋಡೆಗೆ ಒರಗಿಕೊಳ್ಳಿ. ನಿಂತುಕೊಂಡು ಕೇಳಿದರೂ ಸರಿಯೇ. ಇದು ಒಬ್ಬ ದೊರೆಯ ಸೊಂಟದ ಕಥೆ.

ಜಾಲಿಕೋಟೆ ಅಂತ ಒಂದು ರಾಜ್ಯ. ಅಲ್ಲಿ ಮಲ್ಲದೇವ ಅಂತ ಒಬ್ಬ ದೊರೆ. ಮನಸ್ಸು ಒಳ್ಳೆಯದು, ಕಿವಿ ಮಾತ್ರ ಹಿತ್ತಾಳೆ. ಯಾರು ಹತ್ತಿರ ನಿಂತು ಊದಿದರೋ ಅವರ ಮಾತೇ ಖರೆ. ಆದರೂ ಜನ ಅವನನ್ನು ಮೆಚ್ಚುತ್ತಿದ್ದರು. ಯಾಕೆಂದರೆ ತಿಂಗಳಿಗೊಮ್ಮೆ ಅವನೇ ಸಾರೋಟು ಹತ್ತಿ ಊರೂರಿಗೆ ಹೋಗುತ್ತಿದ್ದ. ಕೆರೆ ಒಡೆದಿದೆಯೋ, ಹೊಲದ ಬದುವಿಗೆ ಜಗಳವೋ, ಅಲ್ಲೇ ಮರದ ಕೆಳಗೆ ಕೂತು ಕೇಳಿ, ಅಲ್ಲೇ ತೀರ್ಪು ಕೊಟ್ಟು ಬರುತ್ತಿದ್ದ.

ಅರಮನೆಯ ಉಗ್ರಾಣಕ್ಕೆ ಮುದ್ದರಸ ಅಂತ ಒಬ್ಬ ಯಜಮಾನ. ಒಂದು ಸಲ ಅವನು ದೊರೆಯ ಮುಂದೆ ಕೈಮುಗಿದು ಹೇಳಿದ: "ಪ್ರಭು, ನಿಮ್ಮ ಸಾರೋಟಿನ ಹಲಗೆ ಹಳೆಯದಾಯಿತು. ಇಂದ್ರನಿಗೂ ಇಲ್ಲದಂಥ ಮೆತ್ತೆ ಮಾಡಿಸುತ್ತೇನೆ."

ದೊರೆ ಹೂಂ ಅಂದ. ಉಗ್ರಾಣದಿಂದ ಮೊದಲ ದರ್ಜೆಯ ಹತ್ತಿ ಹೊರಗೆ ಬಂತು. ಬಂದದ್ದು ಸಾರೋಟಿಗೆ ಹೋಗಲಿಲ್ಲ, ಮುದ್ದರಸನ ಮನೆಯ ಹಾಸಿಗೆಗೆ ಹೋಯಿತು. ಸಾರೋಟಿನ ಮೆತ್ತೆಗೆ ಹೊಟ್ಟು, ಹರಿದ ಗೋಣಿ, ಪುಡಿಯಾದ ಹಳೇ ಬೂರುಗದ ಹತ್ತಿ. ಕೆಳಗೆ ಹೊಸದಾಗಿ ಹಾಕಿಸಿದ ಹಲಗೆಯೂ ಅಷ್ಟೇ, ಹಿಂದಕ್ಕೆ ಜಾರಿದ್ದು, ನಡುವೆ ಸೀಳಿದ್ದು. ಮೇಲೆ ಮಾತ್ರ ಕೆಂಪು ಮಖಮಲ್ಲು, ಸುತ್ತಲೂ ಜರಿಯ ಕುಚ್ಚು. ನೋಡಿದವರು ಬಾಯಿ ಬಿಟ್ಟರು. ದೊರೆ ಮೆಚ್ಚಿ ಮುದ್ದರಸನಿಗೆ ಶಾಲು ಹೊದಿಸಿದ.

ಮೊದಲ ಪ್ರಯಾಣ ಮುಗಿಸಿ ಬಂದ ದೊರೆಗೆ ಸೊಂಟದಲ್ಲಿ ಒಂದು ಚಳುಕು.

ಎರಡನೆಯ ಪ್ರಯಾಣಕ್ಕೆ ಆ ಚಳುಕು ಪಿರ್ರೆಗೆ ಇಳಿಯಿತು.

ಮೂರನೆಯ ಪ್ರಯಾಣಕ್ಕೆ ಅದು ತೊಡೆಯ ಹಿಂಬದಿ ಹಿಡಿದು, ಮೀನಖಂಡ ಹಾದು, ಹಿಮ್ಮಡಿಗೆ ಬಂದು ಕೂತಿತು. ಕಾಲು ಚಾಚಿದರೆ ಬೆಂಕಿ, ಮಡಿಸಿದರೆ ಜೋಮು. ಕೆಮ್ಮಿದರೂ ಕಾಲಿನೊಳಗೆ ಯಾರೋ ತಂತಿ ಎಳೆದ ಹಾಗೆ. ವೈದ್ಯರು ಎಣ್ಣೆ ತೀಡಿದರು, ಶಾಖ ಕೊಟ್ಟರು, ಎಲೆ ಕಟ್ಟಿದರು. ಅರಮನೆಯಲ್ಲಿ ಎಂಟು ದಿನ ಇದ್ದರೆ ಕಡಿಮೆ. ಸಾರೋಟು ಹತ್ತಿ ಬಂದರೆ ಮತ್ತೆ ಅದೇ ಹಾಡು.

"ಯಾಕೆ ಹೀಗೆ?" ಅಂತ ದೊರೆ ಕೇಳಿದ.

"ಗಾಡಿ ಹೊಡೆಯುವವನ ಕೈ ಒರಟು, ಪ್ರಭು" ಅಂದ ಮುದ್ದರಸ.

ಸಾರಥಿ ಹುಚ್ಚೀರಪ್ಪನನ್ನು ಊರು ಬಿಡಿಸಿದರು. ನೋವು ಹೋಗಲಿಲ್ಲ. ಅವನ ಜಾಗಕ್ಕೆ ಬಂದ ಲಗಮಪ್ಪನನ್ನೂ ಊರು ಬಿಡಿಸಿದರು. ನೋವು ಹೋಗಲಿಲ್ಲ. ಮೂರನೆಯವನಾಗಿ ಬಂದವನು ಯಂಕಪ್ಪ. ಕುದುರೆಗೆ ಚಾಟಿ ತೋರಿಸಿದವನೇ ಅಲ್ಲ, ಮಾತಿನಲ್ಲೇ ಓಡಿಸುವವನು. ಅವನು ಬಂದ ಮೇಲೆ ದೊರೆ ಒಂದು ಸಂಜೆ ಸಾರೋಟಿನಿಂದ ಇಳಿಯಲಾಗದೆ ಮೆಟ್ಟಿಲ ಮೇಲೆ ಕುಸಿದ. "ಇವನು ಬೇಕಂತಲೇ ಗುಂಡಿಗೆ ಇಳಿಸುತ್ತಾನೆ" ಅಂದ ಮುದ್ದರಸ. ಯಂಕಪ್ಪ ಸೆರೆಮನೆಗೆ ಹೋದ. ಲಗಾಮು ಮುದ್ದರಸನ ಬಾಮೈದ ಚಂದಪ್ಪನ ಕೈಗೆ ಬಂತು.

ಚಂದಪ್ಪ ಒಳ್ಳೆಯ ಸಾರಥಿಯೇ, ಸುಳ್ಳು ಹೇಳಬಾರದು. ಆದರೆ ಅವನ ಮುಖ ನೋಡಿ ನೋವೇನೂ ಬಿಟ್ಟು ಹೋಗಲಿಲ್ಲ. ಕೊನೆಗೆ ದೊರೆ ಊರೂರು ತಿರುಗುವುದನ್ನೇ ಬಿಟ್ಟ. ಒಡೆದ ಕೆರೆ ಒಡೆದೇ ಉಳಿಯಿತು. ಬದುವಿನ ಜಗಳ ಬಡಿಗೆಯ ಜಗಳವಾಯಿತು.

ಈ ಯಂಕಪ್ಪನಿಗೆ ದುರುಗವ್ವ ಅಂತ ಹೆಂಡತಿ. ಕೌದಿ ಹೊಲಿಯುವುದು ಅವಳ ಕೆಲಸ. ಹಳೇ ಸೀರೆ, ಹಳೇ ಧೋತರ ಪದರದ ಮೇಲೆ ಪದರ ಜೋಡಿಸಿ ಅವಳು ಹೊಲಿದ ಕೌದಿ ಮೂರು ತಲೆಮಾರು ಬಾಳುತ್ತಿತ್ತು. ಬೆಳಗಿನಿಂದ ಸಂಜೆಯ ತನಕ ಕೂತು ಮಾಡುವ ಕೆಲಸ. ಹೀಗಾಗಿ ಸೊಂಟದ ಸಂಕಟ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳು ರೊಟ್ಟಿ ಬುತ್ತಿ ಕಟ್ಟಿಕೊಂಡು ಸೆರೆಮನೆಗೆ ಬಂದಳು.

"ಖರೆ ಹೇಳು, ಗುಂಡಿಗೆ ಇಳಿಸಿದ್ಯಾ?"

"ನಿನ್ನಾಣಿ ಇಲ್ಲ" ಅಂದ ಯಂಕಪ್ಪ. "ನಾ ಹೊಡಿಯೂ ಗಾಡ್ಯಾಗ ಹಾಲಿನ ಗಡಿಗಿ ಇಟ್ರೂ ತುಳುಕೂದಿಲ್ಲ. ಆದ್ರ ದೊರಿ ಕೂತಾಗ ನೋಡಬೇಕು ನೀ. ಕೆಸರಿನ್ಯಾಗ ಹುಗದ ಹಂಗ ಹುಗೀತಾನ. ಮೊಣಕಾಲು ಗದ್ದಕ್ಕ ಬರ್ತಾವ. ಬೆನ್ನು ಬಿಲ್ಲಿನ ಹಂಗ ಬಾಗತೈತಿ."

ದುರುಗವ್ವ ರೊಟ್ಟಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು. ಮದುವೆಯಾದ ಹೊಸದರಲ್ಲಿ ಅವಳು ಮೆತ್ತಗಿದೆ ಅಂತ ಚಿಂದಿಯ ಗುಪ್ಪೆಯ ಮೇಲೆ ಕೂತು ಹೊಲಿಯುತ್ತಿದ್ದಳು. ತಿಂಗಳೊಳಗೆ ಎಡಗಾಲು ನೆಲಕ್ಕೆ ಊರದಾಯಿತು. ಆಗ ಅತ್ತೆ ಗುಪ್ಪೆಯನ್ನು ಒದ್ದು, ಗಟ್ಟಿ ಮಣೆಯ ಮೇಲೆ ಮಡಿಸಿದ ಕೌದಿ ಹಾಕಿ ಕೂರಿಸಿದ್ದಳು. "ಮೆತ್ತಗಿದ್ದದ್ದೆಲ್ಲ ಸುಖ ಅಲ್ಲ ಮಗಳ. ಕೂತವರನ್ನ ಎತ್ತಿ ಹಿಡಿಯೂದು ಸುಖ" ಅಂದಿದ್ದಳು.

"ಉಣ್ಣು" ಅಂದಳು ದುರುಗವ್ವ. "ನಾಳಿ ನಾನು ಒಡ್ಡೋಲಗಕ್ಕ ಹೋಗಾಕಿ."

"ಅವ್ರ ಮುಂದ ನಿನ್ನ ಮಾತು ನಡೀತೈತೇನ?"

"ನನ್ನ ಮಾತು ಯಾಕ ನಡೀಬೇಕು? ಅವ್ರ ಬಾಯಿಂದನ ಬರ್ತೈತಿ ನೋಡು."

ಮರುದಿನ ಒಡ್ಡೋಲಗ. ದೊರೆ ಸಿಂಹಾಸನದ ಮೇಲೆ ಕೂರಲಾಗದೆ ಕಂಬಕ್ಕೆ ಒರಗಿ ನಿಂತಿದ್ದ. ದುರುಗವ್ವ ಮುಂದೆ ಬಂದು ಕೈಮುಗಿದಳು.

"ದೊರೆಗಳ, ನಾನು ಸಾರಥಿ ಯಂಕಪ್ಪನ ಹೇಣ್ತಿ. ಮೂರು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮಗ ನೋವು ಹೆಚ್ಚಾಗೂದು ಹಾಸಿಗಿಯಿಂದ ಏಳೂವಾಗೋ, ಸಾರೋಟಿನಿಂದ ಇಳಿಯೂವಾಗೋ?"

"ಸಾರೋಟಿನಿಂದ ಇಳಿಯುವಾಗ."

"ಹಳೇ ಹಲಗಿ ಇದ್ದಾಗ ಈ ನೋವು ಇತ್ತೇನ್ರಿ?"

ದೊರೆ ನೆನಪು ಮಾಡಿಕೊಂಡ. "ಇರಲಿಲ್ಲ."

"ಗಾಡಿ ಹೊಡಿಯೂವ್ರು ನಾಕು ಮಂದಿ ಆದ್ರು. ಒಬ್ಬರ ಕಾಲಕ್ಕಾದ್ರೂ ಕಡಿಮಿ ಆತೇನ್ರಿ?"

ಇಲ್ಲವೆಂದು ದೊರೆ ತಲೆಯಾಡಿಸಿದ. ಮುದ್ದರಸ ಮುಂದೆ ನುಗ್ಗಿದ. "ಪ್ರಭು, ಇದು ಹಳೆಯ ಪೆಟ್ಟು! ಮೂರು ಜನ ಸೇರಿ ಮುರಿದ ಸೊಂಟವನ್ನು ನನ್ನ ಬಾಮೈದ ಒಂದೇ ದಿನದಲ್ಲಿ ಕೂಡಿಸಲಿಕ್ಕಾಗುತ್ತದೆಯೇ? ಮೆತ್ತೆಯ ಬಗ್ಗೆ ಈ ಚಿಂದಿ ಹೊಲಿಯುವವಳಿಗೆ ಏನು ಗೊತ್ತು?"

ಮೆತ್ತೆ ಅನ್ನುವ ಮಾತನ್ನು ದುರುಗವ್ವ ಇನ್ನೂ ಆಡಿರಲೇ ಇಲ್ಲ. ಅವಳು ನಕ್ಕಳು.

"ಯಜಮಾನ್ರು ಹೇಳೂದು ಬರೋಬ್ಬರಿ ಐತ್ರಿ. ಹಳೇ ಪೆಟ್ಟು ಇದ್ದವರನ್ನ ಕೂರಿಸಿ ನೋಡಿದ್ರ ನ್ಯಾಯ ತಿಳಿಯೂದಿಲ್ಲ. ಪೆಟ್ಟಿಲ್ಲದವರು ಕೂಡಬೇಕು. ಯಜಮಾನ್ರ ಸೊಂಟ ಗಟ್ಟಿ ಐತಲ್ರಿ? ಮೂರು ದಿನ ದೊರೆಗಳ ಜಾಗದಾಗ ಅವರೇ ಕೂಡಲಿ. ಅವರ ಬಾಮೈದನೇ ಗಾಡಿ ಹೊಡೀಲಿ. ಮುಂಜಾನಿ ಗಡಿಯ ಠಾಣ್ಯಾಕ್ಕ ಹೋಗಿ ಸಂಜಿಕ ತಿರುಗಿ ಬರಲಿ. ನೋವು ಬರದಿದ್ರ ನನ್ನ ಗಂಡಂದ ತಪ್ಪು. ಅವನ ಸಂಗಾಟ ನನ್ನೂ ಸೆರಿಗೆ ಹಾಕ್ರಿ. ನೋವು ಬಂದ್ರ ಎರಡ ಕಾರಣ. ಒಂದು ಹೊಡಿಯೂವ, ಇಲ್ಲಾ ಕೂಡೂ ಮೆತ್ತಿ. ಯಾವುದಂತ ಅವರೇ ಹೇಳಲಿ."

ಸಭೆಯೆಲ್ಲ ತಲೆದೂಗಿತು. ದೊರೆಯ ಜಾಗದಲ್ಲಿ ಕೂರುವುದೆಂದರೆ ಸಣ್ಣ ಮಾತೇ? ಮುದ್ದರಸನಿಗೆ ಒಂದು ಕಡೆ ಹೆದರಿಕೆ, ಇನ್ನೊಂದು ಕಡೆ ಆಸೆ. ಬೇಡ ಅಂದರೆ ಮೆತ್ತೆಯ ಗುಟ್ಟು ರಟ್ಟು. ಮೂರು ದಿನ ಹಲ್ಲು ಕಚ್ಚಿದರಾಯಿತು ಅಂದುಕೊಂಡು ಒಪ್ಪಿದ.

ಮೊದಲ ದಿನ ಹೋದ, ಬಂದ. ಸಾರೋಟಿನಿಂದ ಇಳಿದವನ ಒಂದು ಕೈ ಸೊಂಟದ ಮೇಲಿತ್ತು. "ಹೇಗಿತ್ತು?" ಅಂತ ದೊರೆ ಕೇಳಿದ. "ಹಂಸತೂಲಿಕಾತಲ್ಪ, ಪ್ರಭು!" ಅಂದ ಮುದ್ದರಸ.

ಎರಡನೆಯ ದಿನ ಹೋದ, ಬಂದ. ಬಲಗಾಲು ಎಳೆಯುತ್ತಿದ್ದ, ಹಣೆಯಲ್ಲಿ ಬೆವರು. "ಹೇಗಿತ್ತು?" "ಹಂಸ... ತೂಲಿಕಾತಲ್ಪ, ಪ್ರಭು."

ಮೂರನೆಯ ದಿನ ಹೋದ. ಸಂಜೆ ಅರಮನೆಯ ಅಂಗಳದಲ್ಲಿ ಸಭೆಯವರ ಜೊತೆ ದುರುಗವ್ವನೂ ಕಾದಿದ್ದಳು. ಸಾರೋಟು ತಿರುಗಿ ಬಂತು, ಬಾಗಿಲು ತೆರೆಯಿತು, ಮುದ್ದರಸ ಮಾತ್ರ ಇಳಿಯಲಿಲ್ಲ. ಇಬ್ಬರು ಭಟರು ಕಂಕುಳಿಗೆ ಕೈಹಾಕಿ ಇಳಿಸಿದರು. ಪ್ರಶ್ನೆಚಿಹ್ನೆಯ ಹಾಗೆ ಬಾಗಿ ನಿಂತ. ಎಲ್ಲರೆದುರು "ಅಯ್ಯೋ ಅಮ್ಮಾ" ಅಂತ ಅತ್ತೇಬಿಟ್ಟ.

ದೊರೆ ಹತ್ತಿರ ಬಂದ. ಆ ನೋವು ಅವನಿಗೆ ಗೊತ್ತು, ಮುಖ ನೋಡಿದರೇ ಗೊತ್ತು. "ಮುದ್ದರಸ, ನಾಟಕ ಸಾಕು. ಹೊಡೆದವನ ತಪ್ಪೋ, ಮೆತ್ತೆಯ ತಪ್ಪೋ?"

ಮುದ್ದರಸ ಮೆತ್ತೆ ನೋಡಿದ. ಬಾಮೈದನನ್ನು ನೋಡಿದ. ಮೆತ್ತೆ ಅಂದರೆ ತನ್ನ ತಲೆ ಹೋಗುತ್ತದೆ, ಬಾಮೈದ ಅಂದರೆ ಅವನ ತಲೆ. ಯೋಚನೆ ಬಹಳ ಹೊತ್ತು ಹಿಡಿಯಲಿಲ್ಲ.

"ಹೊಡೆದವನದ್ದೇ, ಪ್ರಭು."

"ಹಾಗಾದರೆ ಯಂಕಪ್ಪನಿಗಾದ ಶಿಕ್ಷೆಯೇ ಇವನಿಗೂ. ಭಟರೇ, ಕರೆದೊಯ್ಯಿರಿ."

ಚಂದಪ್ಪನ ಕೈಯಿಂದ ಲಗಾಮು ಜಾರಿ ಬಿತ್ತು. "ಭಾವ! ನಿಮ್ಮ ಒಡಹುಟ್ಟಿದವನಾಗಿದ್ದರೆ ಹೀಗೆ ಅನ್ನುತ್ತಿದ್ದಿರಾ?" ಅಂತ ಕೂಗಿದ. ಆಮೇಲೆ ದೊರೆಯ ಕಡೆ ತಿರುಗಿದ. "ಪ್ರಭು, ನನ್ನ ಕೈ ಒರಟಲ್ಲ, ಯಂಕಪ್ಪನದ್ದೂ ಅಲ್ಲ. ಆ ಮೆತ್ತೆ ಬಿಚ್ಚಿಸಿ ನೋಡಿ. ಒಳ್ಳೆಯ ಹತ್ತಿ ನಮ್ಮಕ್ಕನ ಮನೆಯ ಹಾಸಿಗೆಯೊಳಗಿದೆ. ಹೊತ್ತು ಹಾಕಿದವನು ನಾನೇ. ಗೊತ್ತಿದ್ದೂ ಸುಮ್ಮನಿದ್ದೆ, ಅದು ನನ್ನ ತಪ್ಪು."

ದುರುಗವ್ವ ಸೊಂಟದ ಚೀಲದಿಂದ ಕತ್ತರಿ ತೆಗೆದು ಮೆತ್ತೆಯ ಅಂಚು ಸೀಳಿದಳು. ಹೊಟ್ಟು ಸುರಿಯಿತು. ಗೋಣಿಯ ತುಂಡು ಬಿತ್ತು. ಬೂರುಗದ ಪುಡಿ ಹಾರಿ ಸಭೆಯೆಲ್ಲ ಸೀನಿತು. ಮಖಮಲ್ಲು ಖಾಲಿ ಚೀಲದ ಹಾಗೆ ಕೆಳಗೆ ಕೂತಿತು.

ದೊರೆಯ ಮುಖ ಕೆಂಪಾಯಿತು. ಸಿಟ್ಟಿಗಿಂತ ನಾಚಿಕೆ ಹೆಚ್ಚು. ತಾನೇ ಸೆರೆಮನೆಯ ತನಕ ನಡೆದು ಹೋದ. ಕಾಲೆಳೆಯುತ್ತಾ ಹೋದ, ಆದರೂ ಹೋದ. ಯಂಕಪ್ಪನ ಬೇಡಿ ಬಿಚ್ಚಿಸಿ ಹೇಳಿದ: "ನೋವು ನನ್ನದು, ಶಿಕ್ಷೆ ನಿನ್ನದಾಯಿತು. ತಪ್ಪಾಯಿತಪ್ಪ."

ಯಂಕಪ್ಪ ಕಣ್ಣೊರೆಸಿಕೊಂಡ.

"ಮುದ್ದರಸನಿಗೆ ಏನು ಶಿಕ್ಷೆ ಕೊಡಲಿ, ನೀನೇ ಹೇಳವ್ವ" ಅಂದ ದೊರೆ.

"ಸೆರಿಗೆ ಹಾಕಬ್ಯಾಡ್ರಿ" ಅಂದಳು ದುರುಗವ್ವ. "ಸೊಂಟ ಹಿಡಿದವ್ರು ಮೂಲ್ಯಾಗ ಕೂತ್ರ ಇನ್ನೂ ಹಿಡೀತೈತಿ. ಹುಚ್ಚೀರಪ್ಪನ್ನ, ಲಗಮಪ್ಪನ್ನ ಊರು ಬಿಡಿಸ್ಯಾರಲ್ಲ, ಅವ್ರ ಊರಿಗೆ ಯಜಮಾನ್ರು ನಡಕೊಂತ ಹೋಗಲಿ. ಕೈಮುಗಿದು ತಪ್ಪಾತು ಅಂದು ಕರಕೊಂಡು ಬರಲಿ. ಮೆಲ್ಲಕ ನಡದ್ರ ಸೊಂಟಕ್ಕೂ ಛಲೋ, ಬುದ್ಧಿಗೂ ಛಲೋ."

ಹಾಗೇ ಆಯಿತು. ಉಗ್ರಾಣದ ಬೀಗದ ಕೈ ಕಳಕೊಂಡ ಮುದ್ದರಸ ಕೋಲೂರಿಕೊಂಡು ಹೊರಟ. ಚಂದಪ್ಪ ಸಾರಥಿಯ ಪಟ್ಟ ಬಿಟ್ಟು ಲಾಯದಲ್ಲಿ ಕುದುರೆ ತಿಕ್ಕುವ ಕೆಲಸಕ್ಕೆ ನಿಂತ. ಯಂಕಪ್ಪ ಮತ್ತೆ ಲಗಾಮು ಹಿಡಿದ.

ದುರುಗವ್ವ ಬಡಗಿಯನ್ನು ಕರೆಸಿ, ಜಾರದ, ಸೀಳದ ಹಲಗೆ ಹಾಕಿಸಿದಳು. ಅದರ ಮೇಲೆ ಹನ್ನೆರಡು ಪದರದ ಕೌದಿ, ಒತ್ತೊತ್ತಾಗಿ ಹೊಲಿದದ್ದು. ದೊರೆ ಕೂತಾಗ ಮೊಣಕಾಲಿಗಿಂತ ಸೊಂಟ ಒಂದು ಬೆರಳು ಮೇಲಿತ್ತು. ಪಾದ ಊರಲು ಅಡಿಗೆ ಒಂದು ಮಣೆ ಇಟ್ಟಳು. ಪಂಜೆಯನ್ನು ಸುರುಳಿ ಸುತ್ತಿ ಬೆನ್ನಿನ ತಗ್ಗಿಗೆ ಒತ್ತುಕೊಟ್ಟಳು. ಆಮೇಲೆ ದೊರೆಯ ನಡುಪಟ್ಟಿಯ ಹಿಂದೆ ಸಿಕ್ಕಿಸಿದ್ದ ರಾಜಮುದ್ರೆಯ ದಪ್ಪ ಚೀಲ ಅವಳ ಕಣ್ಣಿಗೆ ಬಿತ್ತು.

"ಇದನ್ನ ಅಡಿಗೆ ಇಟಗೊಂಡು ಕೂಡ್ತೀರೇನ್ರಿ? ಒಂದು ಮಗ್ಗಲು ಮ್ಯಾಲ, ಒಂದು ಮಗ್ಗಲು ಕೆಳಗ! ತಗದು ತೊಡಿ ಮ್ಯಾಲ ಇಡ್ರಿ."

ದೊರೆ ಮಗುವಿನ ಹಾಗೆ ತೆಗೆದು ಕೊಟ್ಟ.

"ಇನ್ನೊಂದು ಮಾತ್ರಿ. ಎಂಥಾ ಆಸನ ಆದ್ರೂ ದಿನಪೂರ್ತಿ ಕೂಡಾಕ ಅಲ್ಲ. ಹರದಾರಿ ದೂರಕ್ಕೊಮ್ಮೆ ಗಾಡಿ ನಿಲ್ಲಿಸ್ರಿ. ಇಳೀರಿ, ನೂರು ಹೆಜ್ಜಿ ನಡೀರಿ, ಬೆನ್ನು ನೆಟ್ಟಗ ಮಾಡ್ರಿ, ಹತ್ರಿ."

"ನಾಳೆಗೆ ವಾಸಿಯಾಗುತ್ತದೆಯೇ?" ಅಂತ ಕೇಳಿದ ದೊರೆ.

"ಇಲ್ರಿ. ವರ್ಷದಿಂದ ಬಂದದ್ದು ಒಂದು ದಿನಕ್ಕ ಹೋಗೂದಿಲ್ಲ. ಆದ್ರ ಹೋಗ್ತೈತಿ. ವೈದ್ಯರ ಎಣ್ಣಿನೂ ಬಿಡಬ್ಯಾಡ್ರಿ. ಮೊದಲು ಹಿಮ್ಮಡಿ ಬಿಡ್ತೈತಿ, ಆಮ್ಯಾಲ ತೊಡಿ ಬಿಡ್ತೈತಿ, ಕಡೀಕ ಸೊಂಟ."

ಅವಳು ಹೇಳಿದ ಹಾಗೇ ಆಯಿತು. ಮೊದಲ ತಿಂಗಳು ಹಿಮ್ಮಡಿಯ ಬೆಂಕಿ ಆರಿತು. ಎರಡನೆಯ ತಿಂಗಳು ತೊಡೆಯ ಜೋಮು ಬಿಟ್ಟಿತು. ಮೂರನೆಯ ತಿಂಗಳು ದೊರೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ, ನೋವು ಏಳಲೇ ಇಲ್ಲ. ಹರದಾರಿಗೊಮ್ಮೆ ಇಳಿಯುತ್ತಿದ್ದದ್ದರಿಂದ ಇನ್ನೊಂದು ಲಾಭವಾಯಿತು. ದಾರಿಬದಿಯ ಸಣ್ಣ ಹಳ್ಳಿಗಳ ಜನ ಮೊದಲು ದೊರೆಯ ಧೂಳನ್ನಷ್ಟೇ ಕಂಡಿದ್ದರು. ಈಗ ಅವನ ಜೊತೆ ನೂರು ಹೆಜ್ಜೆ ನಡೆದು ತಮ್ಮ ಕಷ್ಟ ಹೇಳಿಕೊಂಡರು. ಒಂದು ಊರಿನಲ್ಲಿ ನಡೆಯುತ್ತಲೇ ಬಾವಿಯ ಜಗಳ ತೀರಿತು. ಇನ್ನೊಂದು ಊರಿನಲ್ಲಿ ಒಬ್ಬ ಮುದುಕಿ, "ದೊರೆಯೂ ನಮ್ಮ ಹಾಗೆ ಸೊಂಟ ಹಿಡ್ಕೊಂಡು ನಡೀತಾನಲ್ಲ" ಅಂತ ಅವನ ಕೈಗೆ ಹುರಿಗಡಲೆ ಹಾಕಿದಳು.

ಇಷ್ಟೇ ಮಕ್ಕಳೇ ಕಥೆ. ನೀತಿ ಏನು ಅಂದರೆ, ಹೊಳೆಯುವುದೆಲ್ಲ ಹೊರುವುದಿಲ್ಲ. ಕೂರುವ ಮುಂಚೆ ಕೆಳಗೆ ಏನಿದೆ ಅಂತ ತಟ್ಟಿ ನೋಡಿ. ನೋವು ಬಂದಾಗ ಎದುರಿಗೆ ಸಿಕ್ಕವರನ್ನು ಬೈಯಬೇಡಿ, ಅದು ಹುಟ್ಟಿದ ಜಾಗ ಹುಡುಕಿ. ಹುಡುಕಿದವರಿಗೆ ದಾರಿ ಸಿಗುತ್ತದೆ. ಈಗ ಏಳಿ, ಬಹಳ ಹೊತ್ತು ಕೂತಿರಿ. ನೂರು ಹೆಜ್ಜೆ ನಡೆದು ಬನ್ನಿ.